ಹತ್ತು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ? ಆನ್‌ಲೈನ್ ಹರಾಜಿಗೆ ಇಳಿಯುವ ಮುನ್ನ ಈ ಲೆಕ್ಕ ತಿಳಿಯಿರಿ

ತಾಲೂಕಿನ ಎಷ್ಟೋ ಅಂಗಡಿಗಳಲ್ಲಿ 10 ರೂಪಾಯಿ ನಾಣ್ಯ ಕೊಟ್ಟರೆ 'ಇದು ನಡೆಯಲ್ಲ, ನೋಟು ಕೊಡಿ' ಅನ್ನೋ ಮಾತು ಇನ್ನೂ ನಿಂತಿಲ್ಲ. ಎಲ್ಲಾ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ವಿಚಿತ್ರ ಅಂದರೆ, ಗಲ್ಲಾಪೆಟ್ಟಿಗೆಗೆ ಬೇಡವಾದ ಅದೇ ನಾಣ್ಯಕ್ಕೆ ಮೊಬೈಲ್‌ನಲ್ಲಿ ಲಕ್ಷಗಟ್ಟಲೆ ಬೆಲೆ. 'ವೈಷ್ಣೋದೇವಿ ಚಿತ್ರದ ನಾಣ್ಯ ಇದೆಯಾ? ಫೋಟೋ ಕಳಿಸಿ, 10 ಲಕ್ಷ ಪಡೆಯಿರಿ' ಎಂಬ ವಿಡಿಯೋಗಳು ಹಳ್ಳಿ ಗ್ರೂಪುಗಳಲ್ಲಿ ಓಡಾಡುತ್ತಲೇ ಇವೆ.

2012ರ ಇಸವಿ ಇರುವ ಈ ನಾಣ್ಯ ದೇಶದ ತುಂಬಾ ಚಿಲ್ಲರೆಯಾಗಿ ಹರಿದಾಡಿದ್ದು. ಎಲ್ಲರ ಹತ್ತಿರ ಇರುವ ವಸ್ತುವಿಗೆ ಲಕ್ಷ ಕೊಡುವವರು ಯಾರು? ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ.

ದುಡ್ಡು ಯಾವ ಕಡೆ ಹೋಗುತ್ತದೆ?

ಮೋಸದ ದಾರಿ ಹೆಚ್ಚುಕಡಿಮೆ ಒಂದೇ. ಫೋಟೋ ಕಳಿಸಿದ ತಕ್ಷಣ 'ನಿಮ್ಮ ನಾಣ್ಯ ಆಯ್ಕೆಯಾಗಿದೆ' ಅನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕೊರಿಯರ್ ಅಂತ ಒಂದರ ಹಿಂದೆ ಒಂದು ಕೇಳುತ್ತಾರೆ. ರಿಸರ್ವ್ ಬ್ಯಾಂಕ್ ಹೆಸರಿನ ಪತ್ರವನ್ನೂ ತೋರಿಸುತ್ತಾರೆ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕ, ಕಮಿಷನ್ನೂ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಎಪಿಎಂಸಿಗೆ ಮಾಲು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಖರೀದಿದಾರನೂ 'ಮೊದಲು ನೀನು ದುಡ್ಡು ಕಟ್ಟು, ಆಮೇಲೆ ನಿನ್ನ ಮಾಲು ತಗೋತೀನಿ' ಅನ್ನುವುದಿಲ್ಲ. ನಾಣ್ಯದ ಹರಾಜು ಸಂಸ್ಥೆಗಳೂ ಸಾಮಾನ್ಯವಾಗಿ ಮಾರಾಟವಾದ ಮೇಲೆ ಬಂದ ಹಣದಲ್ಲೇ ಕಮಿಷನ್ ಹಿಡಿದುಕೊಳ್ಳುತ್ತವೆ. ಇನ್ನೊಂದು ಮಾತು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಹೋಗುವುದು ನಿಮ್ಮ ದುಡ್ಡೇ.

ಇನ್ನೊಂದು ನಷ್ಟವೂ ಇದೆ

ಮೋಸಕ್ಕೆ ಹೆದರಿ ಅಜ್ಜಿಯ ಗಂಟನ್ನು ಹಾಗೇ ಬೆಳ್ಳಿ ತೂಕಕ್ಕೆ ಹಾಕುವವರೂ ಇದ್ದಾರೆ. ಅದೂ ನಷ್ಟವಾಗಬಹುದು. ವಿಕ್ಟೋರಿಯಾ ರಾಣಿ ಕಾಲದ ಒಂದು ರೂಪಾಯಿ ನಾಣ್ಯದ ತೂಕ 11.66 ಗ್ರಾಂ, ಅದರಲ್ಲಿ ಶೇ 91.7ರಷ್ಟು ಬೆಳ್ಳಿ. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿದರೆ ಕನಿಷ್ಠ ಬೆಲೆ ಸಿಗುತ್ತದೆ. ಅದರ ಮೇಲೆ ಎಷ್ಟು ಎನ್ನುವುದನ್ನು ನಾಣ್ಯದ ಇಸವಿ, ಟಂಕಸಾಲೆ ಮತ್ತು ಸವೆತ ಹೇಳುತ್ತವೆ.

ಹಳೆಯದೆಲ್ಲ ಅಪರೂಪವಲ್ಲ. ಮಧ್ಯದಲ್ಲಿ ತೂತಿರುವ 1943-47ರ ಕಾಸು ಬೇಕಾದಷ್ಟು ಸಿಗುತ್ತದೆ. ರಾಮನ ಪಟ್ಟಾಭಿಷೇಕದ ಚಿತ್ರವಿರುವ 'ಈಸ್ಟ್ ಇಂಡಿಯಾ ಕಂಪನಿ ನಾಣ್ಯ'ವನ್ನಂತೂ ಕಂಪನಿ ಹೊರಡಿಸಿಯೇ ಇಲ್ಲ. ಅದು ಪೂಜೆಗೆಂದು, ಮಾರಾಟಕ್ಕೆಂದು ಆಮೇಲೆ ಮಾಡಿದ ಬಿಲ್ಲೆ. 1939ರ ಆರನೇ ಜಾರ್ಜ್ ರೂಪಾಯಿ ನಿಜಕ್ಕೂ ಅಪರೂಪ, ಅದಕ್ಕೇ ಅದರ ನಕಲಿಯೂ ಜಾಸ್ತಿ.

ಮೊದಲ ಸಲ ಮಾರುವವರು ಏನು ಮಾಡಬೇಕು?

ಮೊದಲನೆಯದಾಗಿ, ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದ ನಾಣ್ಯ ಕಣ್ಣಿಗೆ ಫಳಫಳ ಅಂದರೂ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಕ ನೋಡಿ. ಆಯಸ್ಕಾಂತ ಹಿಡಿಯಿರಿ, ಬೆಳ್ಳಿ ಅಂಟುವುದಿಲ್ಲ. ಆದರೆ 1947ರ ರೂಪಾಯಿ ನಿಕ್ಕಲ್ಲಿನದು, ಅದು ಅಂಟಿದರೆ ನಕಲಿ ಅಂತಲ್ಲ.

ಹಗಲು ಬೆಳಕಿನಲ್ಲಿ ಎರಡೂ ಮುಖದ ಫೋಟೋ ತೆಗೆಯಿರಿ. ಗೀರು, ಕುಣಿಕೆ ಬೆಸೆದ ಗುರುತು ಇದ್ದರೆ ಮುಚ್ಚಿಡದೆ ಬರೆಯಿರಿ. ಬೆಲೆ ತಿಳಿಯಲು ಮಾರುವವರು ಕೇಳಿದ ದರ ನೋಡಬೇಡಿ, ಹಿಂದಿನ ಹರಾಜುಗಳಲ್ಲಿ ಅಂಥದೇ ನಾಣ್ಯ ಎಷ್ಟಕ್ಕೆ ಹೋಯಿತು ಎಂಬುದನ್ನು ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಮುಂತಾದ ಹರಾಜು ಸಂಸ್ಥೆಗಳಿವೆ. ಯಾರಿಗೇ ಕೊಟ್ಟರೂ ಕಮಿಷನ್ ಎಷ್ಟು, ಹಣ ಯಾವಾಗ ಬರುತ್ತದೆ, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದು ಎಂದು ಬರಹದಲ್ಲೇ ಪಡೆಯಿರಿ. ಇದಕ್ಕಿಂತ ಕಮ್ಮಿಗೆ ಬಿಡುವುದಿಲ್ಲ ಎಂಬ ಕನಿಷ್ಠ ದರವನ್ನೂ ಮೊದಲೇ ಮಾತಾಡಿ. ಶುರುವಿಗೆ ಒಂದೆರಡು ಸಾಧಾರಣ ನಾಣ್ಯ ಕೊಟ್ಟು ನೋಡುವುದು ಕ್ಷೇಮ.

ಕಾನೂನೂ ಗೊತ್ತಿರಲಿ

ಪಾಯ ತೆಗೆಯುವಾಗ, ಹೊಲ ಉಳುವಾಗ ಸಿಕ್ಕ ನಾಣ್ಯ ನಿಮ್ಮದಲ್ಲ, ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಅಂಥವುಗಳ ವ್ಯಾಪಾರವನ್ನೇ ಮಾಡುವವರಿಗೆ ಪರವಾನಗಿ ಬೇಕು.

ಈಗಾಗಲೇ ದುಡ್ಡು ಕಳಿಸಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಡುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಇನ್ನು ಗಲ್ಲಾಪೆಟ್ಟಿಗೆಯಲ್ಲಿರುವ ವೈಷ್ಣೋದೇವಿ ನಾಣ್ಯಕ್ಕೆ ಇವತ್ತಿನ ಖಚಿತ ಬೆಲೆ 10 ರೂಪಾಯಿ. ಗಿರಾಕಿ ಕೊಟ್ಟರೆ ತಗೊಳ್ಳಿ, ಚಿಲ್ಲರೆ ಸಮಸ್ಯೆಯಾದರೂ ತಪ್ಪುತ್ತದೆ.