ನಾಲ್ಕು ತಾಲ್ಲೂಕುಗಳ ಸಂಗೀತ–ನಾಟಕ ವೇದಿಕೆಗಳ ನಿರ್ವಹಣೆ ಕೋರಿ ಮನವಿ ಪತ್ರ

ಸ್ಥಳ: ಹುಣಸೂರು
ದಿನಾಂಕ: ..................

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮೈಸೂರು ಜಿಲ್ಲೆ, ಮೈಸೂರು.

ಇವರಿಂದ,
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ತಾಲ್ಲೂಕುಗಳ (ಇವುಗಳಿಂದ ಬೇರ್ಪಟ್ಟ ಸಾಲಿಗ್ರಾಮ, ಸರಗೂರು ಸೇರಿ) ಬಯಲು ರಂಗಮಂದಿರ, ಜಾತ್ರಾ ವೇದಿಕೆ ಮತ್ತು ಭಜನೆ ಮನೆಗಳ ನಿರ್ವಾಹಕರು ಹಾಗೂ ಕಲಾವಿದರು.

ವಿಷಯ: ನಾಲ್ಕು ತಾಲ್ಲೂಕುಗಳ ಪ್ರದರ್ಶನ ವೇದಿಕೆಗಳನ್ನು ಒಂದು ಜಾಲವಾಗಿ ಪರಿಗಣಿಸಿ, ಅನುಮತಿ, ನಿರ್ವಹಣೆ ಹಾಗೂ ಮೂಲಸೌಕರ್ಯ ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಈ ಸೀಮೆಯಲ್ಲಿ ಹಾಡು–ಕುಣಿತಕ್ಕೆ ಬರವಿಲ್ಲ. ಕಪ್ಪಡಿಯ ರಾಚಪ್ಪಾಜಿ ಜಾತ್ರೆಯಲ್ಲಿ ಮಂಟೇಸ್ವಾಮಿ ಪರಂಪರೆಯ ನೀಲಗಾರರು ಇಂದಿಗೂ ತಂಬೂರಿ ಮೀಟುತ್ತಾರೆ. ಭೀಮನಕೊಲ್ಲಿ ಮಹದೇಶ್ವರನ ಸನ್ನಿಧಿ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ, ಚುಂಚನಕಟ್ಟೆಯ ಕೋದಂಡರಾಮ, ಗದ್ದಿಗೆಯ ಕೆಂಡಗಣ್ಣಸ್ವಾಮಿ ಜಾತ್ರೆಗಳು ಕಲಾವಿದರಿಗೆ ವರ್ಷದ ದುಡಿಮೆಯ ಆಸರೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ತಮ್ಮದೇ ಹಾಡುಗಳನ್ನು ಉಳಿಸಿಕೊಂಡಿದ್ದಾರೆ. 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಹಾಡು–ಕುಣಿತವೂ ಈ ಸೀಮೆಯದೇ ಆಗಿದೆ.

ಕೊರತೆ ಇರುವುದು ವೇದಿಕೆಯಲ್ಲಿ. ಮೈಸೂರು ನಗರದಲ್ಲಿ ಕಲಾಮಂದಿರವಿದೆ. 1989ರಲ್ಲಿ ಆರಂಭವಾದ ರಂಗಾಯಣಕ್ಕೆ ಭೂಮಿಗೀತ, ವನರಂಗಗಳಿವೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. ನಮ್ಮ ಹಳ್ಳಿಗಳಿಗೆ ಬರುವುದು ಒಂದು ಕಾಂಕ್ರೀಟ್ ಕಟ್ಟೆ, ಮೇಲೊಂದು ಶೀಟು, ಮುಂದೆ ಉದ್ಘಾಟನೆಯ ಕಲ್ಲು. ಕಟ್ಟಲು ಅನುದಾನ ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ದೀಪ ಕೆಟ್ಟರೆ ಬದಲಿಸುವವರಿಲ್ಲ, ವಿದ್ಯುತ್ ಬಿಲ್ಲು ಯಾರ ತಲೆಗೆಂಬುದು ತೀರ್ಮಾನವಾಗಿರುವುದಿಲ್ಲ. ಕೊನೆಗೆ ವೇದಿಕೆ ರಾಗಿ ಒಣಗಿಸುವ ಜಾಗವಾಗುತ್ತದೆ.

ಒಂದು ಪೌರಾಣಿಕ ನಾಟಕವನ್ನೇ ನೋಡಿ. ‘ಕುರುಕ್ಷೇತ್ರ’ ಆಡಲು ಊರಿನ ಯುವಕರು ಹೊಲದ ಕೆಲಸ ಮುಗಿಸಿ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ಕೂತು ಕಂದ, ವೃತ್ತ ಕಲಿಯುತ್ತಾರೆ. ಡ್ರಾಮಾ ಸೀನರಿ, ಮೈಕ್ ಸೆಟ್, ಜನರೇಟರ್‌ಗೆ ಮುಂಗಡ ಕೊಟ್ಟಿರುತ್ತಾರೆ. ಪಂಚಾಯಿತಿಯ ಪತ್ರ, ಠಾಣೆಯ ಅನುಮತಿ, ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಅಲೆದು, ಕೊನೆಯ ಕಾಗದ ಕೈಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ದ್ರೌಪದಿ, ಕುಂತಿ ಪಾತ್ರಕ್ಕೆ ಬಂದ ಕಲಾವಿದೆಯರು ಪಕ್ಕದ ಮನೆಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಕೃಷ್ಣ ಸಂಧಾನಕ್ಕೆ ಹೊರಡುವ ಮೊದಲೇ ಹತ್ತು ಗಂಟೆ ಹೊಡೆದು ಮೈಕ್ ಬಂದ್ ಆಗುತ್ತದೆ. ಆಮೇಲೆ ಪಕ್ಕದೂರಿನವರು ಮನೆಗೆ ಹೋಗಲು ಬಸ್ಸಿಲ್ಲ; ಕಾಡಂಚಿನ ದಾರಿಯಲ್ಲಿ ಆನೆ ಭಯ. ಹಿಂದೆ ನಾಟಕ ಬೆಳಗಿನವರೆಗೆ ನಡೆಯುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು.

ನಮ್ಮಲ್ಲೂ ಲೋಪವಿದೆ. ಅಕ್ಕಪಕ್ಕದ ಎರಡು ಊರಿನವರು ಒಂದೇ ಶನಿವಾರ ಗೊತ್ತುಮಾಡಿ, ಒಬ್ಬರೇ ಮೇಷ್ಟರಿಗೆ, ಒಬ್ಬರೇ ಸೌಂಡ್ಸ್‌ನವರಿಗೆ ಪೈಪೋಟಿ ನಡೆಸುವುದುಂಟು. ಇದನ್ನು ಸರಿಪಡಿಸಿಕೊಳ್ಳಲು ನಾವು ಒಂದಾಗಿದ್ದೇವೆ.

ಇಂಥ ಒಗ್ಗಟ್ಟು ಬೇರೆಡೆ ಫಲ ಕೊಟ್ಟಿದೆ. ಯುರೋಪಿನ ಸಂಗೀತ ವೇದಿಕೆಗಳ ಒಕ್ಕೂಟಗಳು 2012ರಲ್ಲಿ ‘ಲೈವ್ ಡಿಎಂಎ’ ಎಂಬ ಜಾಲ ಕಟ್ಟಿಕೊಂಡು, ತಮ್ಮ ಪ್ರೇಕ್ಷಕರು, ಕೆಲಸಗಾರರು, ಆದಾಯದ ಲೆಕ್ಕವನ್ನು ತಾವೇ ಕಲೆಹಾಕಿ ಸರ್ಕಾರಗಳ ಮುಂದಿಡುತ್ತಿವೆ. ಹಳೆಯ ವೇದಿಕೆಯ ಪಕ್ಕ ಹೊಸ ಮನೆ ಕಟ್ಟುವವರೇ ಶಬ್ದ ತಡೆಯುವ ಹೊಣೆ ಹೊರಬೇಕೆಂಬ ತತ್ವವನ್ನು ಇಂಗ್ಲೆಂಡ್ 2018ರಲ್ಲಿ ತನ್ನ ಯೋಜನಾ ನೀತಿಗೆ ಸೇರಿಸಿತು. ಅದರ ಹಿಂದೆಯೂ ಸಣ್ಣ ವೇದಿಕೆಗಳ ಒಕ್ಕೊರಲ ಒತ್ತಾಯವಿತ್ತು.

ಆದ್ದರಿಂದ ಈ ಕೆಳಕಂಡ ಬೇಡಿಕೆಗಳನ್ನು ಈಡೇರಿಸಬೇಕೆಂದು ಕೋರುತ್ತೇವೆ:

1. ನಾಲ್ಕೂ ತಾಲ್ಲೂಕುಗಳ ಎಲ್ಲ ಪ್ರದರ್ಶನ ವೇದಿಕೆಗಳ ಸಮೀಕ್ಷೆ ನಡೆಸಿ, ಒಡೆತನ, ಅಳತೆ, ವಿದ್ಯುತ್, ನೀರು, ಶೌಚಾಲಯದ ವಿವರವುಳ್ಳ ಪಟ್ಟಿ ಪ್ರಕಟಿಸಬೇಕು.

2. ಪಂಚಾಯಿತಿ, ಪೊಲೀಸ್, ವಿದ್ಯುತ್ ಅನುಮತಿಗಳು ತಾಲ್ಲೂಕು ಕಚೇರಿಯಲ್ಲಿ ಒಂದೇ ಅರ್ಜಿಗೆ ಸಿಗಬೇಕು. ತೀರ್ಮಾನವನ್ನು ಪ್ರದರ್ಶನಕ್ಕೆ ಏಳು ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು.

3. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧ ಬಯಲಿನಲ್ಲಿ ನುಡಿಸುವ ವಾದ್ಯಗಳಿಗೂ ಅನ್ವಯಿಸುತ್ತದೆ. ಅದೇ ನಿಯಮಗಳು ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿ 12ರವರೆಗೆ ವಿನಾಯಿತಿಗೆ ಅವಕಾಶ ಕೊಟ್ಟಿವೆ. ಆ ದಿನಗಳನ್ನು ಗೊತ್ತುಪಡಿಸುವಾಗ ನಮ್ಮ ಜಾತ್ರೆಗಳನ್ನೂ ಪರಿಗಣಿಸಿ ವರ್ಷದ ಆರಂಭದಲ್ಲೇ ಪ್ರಕಟಿಸಬೇಕು.

4. ಪ್ರತಿ ವೇದಿಕೆಗೆ ವಾರ್ಷಿಕ ನಿರ್ವಹಣಾ ಅನುದಾನ ನಿಗದಿಪಡಿಸಬೇಕು. ನಿರ್ವಹಣೆಯ ಹೊಣೆ ಯಾರದೆಂದು ತೋರಿಸದೆ ಹೊಸ ಕಟ್ಟಡಕ್ಕೆ ಮಂಜೂರಾತಿ ಕೊಡಬಾರದು.

5. ಕಲಾವಿದೆಯರಿಗೆ ಬಾಗಿಲು, ಚಿಲಕವುಳ್ಳ ಬಣ್ಣದ ಕೋಣೆ ಹಾಗೂ ಶೌಚಾಲಯವನ್ನು ಮೊದಲ ಆದ್ಯತೆಯಾಗಿ ಒದಗಿಸಬೇಕು.

6. ಪ್ರದರ್ಶನ ಮುಗಿದ ಮೇಲೆ ಅಕ್ಕಪಕ್ಕದ ಊರುಗಳಿಗೆ ಸಾರಿಗೆ ಸಂಸ್ಥೆಯ ಒಂದು ಬಸ್ ಬಿಡಿಸಬೇಕು. ಕಾಡಂಚಿನ ಊರುಗಳಿಗೆ ಇದು ಅತ್ಯಗತ್ಯ.

7. ಜಾತ್ರಾ ಮೈದಾನ, ರಂಗಮಂದಿರಗಳ ಪಕ್ಕ ಹೊಸ ಬಡಾವಣೆಗೆ ಒಪ್ಪಿಗೆ ನೀಡುವಾಗ, ಅಲ್ಲಿ ಪ್ರದರ್ಶನ ನಡೆಯುವ ವಿಷಯವನ್ನು ಷರತ್ತಿನಲ್ಲಿ ನಮೂದಿಸಿ ನಿವೇಶನ ಕೊಳ್ಳುವವರಿಗೆ ತಿಳಿಸಬೇಕು.

8. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಚಿಗುರು, ಯುವ ಸೌರಭ, ಗಿರಿಜನ ಉತ್ಸವದಂಥ ಕಾರ್ಯಕ್ರಮಗಳನ್ನು ಸರದಿಯ ಮೇಲೆ ಹೋಬಳಿ ವೇದಿಕೆಗಳಲ್ಲೂ ನಡೆಸಬೇಕು. ಸಂಭಾವನೆ 30 ದಿನದೊಳಗೆ ಕಲಾವಿದರ ಖಾತೆಗೆ ಜಮೆಯಾಗಬೇಕು.

9. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭಗಳಿಗೂ, ಪ್ರೇಕ್ಷಕರಿಂದ ಹಣ ಪಡೆಯದ ಹವ್ಯಾಸಿ ಸಂಘಗಳ ಪ್ರದರ್ಶನಕ್ಕೂ ವಿನಾಯಿತಿ ಕೊಡುತ್ತದೆ. ಇದನ್ನು ಸರಳ ಕನ್ನಡದಲ್ಲಿ ವಿವರಿಸುವ ಸುತ್ತೋಲೆಯನ್ನು ಎಲ್ಲ ಪಂಚಾಯಿತಿ, ಠಾಣೆಗಳಿಗೆ ಕಳಿಸಬೇಕು.

10. ನಿರ್ವಾಹಕರು, ಕಲಾವಿದರು, ಹಾಡಿಯ ಪ್ರತಿನಿಧಿಗಳು ಹಾಗೂ ಅಧಿಕಾರಿಗಳಿರುವ ಸಮನ್ವಯ ಸಮಿತಿ ರಚಿಸಿ, ಮೂರು ತಿಂಗಳಿಗೊಮ್ಮೆ ಸಭೆ ಕರೆಯಬೇಕು.

ನಮ್ಮ ಕಡೆಯಿಂದ ಈ ಭರವಸೆ ನೀಡುತ್ತೇವೆ. ನಾಲ್ಕೂ ತಾಲ್ಲೂಕುಗಳ ಪ್ರದರ್ಶನ ದಿನಗಳನ್ನು ಒಟ್ಟಿಗೆ ಕೂತು ಗೊತ್ತುಮಾಡುತ್ತೇವೆ. ಸೀನರಿ, ದೀಪ, ಮೈಕ್‌ಗಳನ್ನು ಹಂಚಿಕೊಂಡು ಬಳಸುತ್ತೇವೆ. ನಾಟಕವನ್ನು ಸಂಜೆ ಆರಕ್ಕೇ ಆರಂಭಿಸಿ ಅವಧಿಯೊಳಗೆ ಮುಗಿಸುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಶಾಲೆಗಳ ಸುತ್ತ ಮೈಕ್ ಹಾಕುವುದಿಲ್ಲ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ದೊಡ್ಡ ಸೌಂಡ್ ಬಾಕ್ಸ್ ಬಳಸುವುದಿಲ್ಲ. ಪ್ರತಿ ಪ್ರದರ್ಶನದ ಖರ್ಚು, ಪ್ರೇಕ್ಷಕರು, ಕಲಾವಿದರ ಸಂಭಾವನೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ತಮಗೆ ಸಲ್ಲಿಸುತ್ತೇವೆ.

ಮೇಲಿನ ಬೇಡಿಕೆಗಳಲ್ಲಿ 2, 3 ಮತ್ತು 9ಕ್ಕೆ ಹಣ ಬೇಕಿಲ್ಲ, ಆದೇಶ ಸಾಕು. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಿಂದ ಜಾತ್ರೆಗಳ ಕಾಲ ಶುರುವಾಗುವುದರಿಂದ, ಅದಕ್ಕೆ ಮೊದಲೇ ಈ ಮೂರನ್ನು ಜಾರಿಗೊಳಿಸಿ, ಉಳಿದವುಗಳ ಚರ್ಚೆಗೆ ಸಭೆಯ ದಿನಾಂಕ ತಿಳಿಸಬೇಕಾಗಿ ವಿನಂತಿಸುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
(ನಾಲ್ಕು ತಾಲ್ಲೂಕುಗಳ ವೇದಿಕೆ ನಿರ್ವಾಹಕರು ಹಾಗೂ ಕಲಾವಿದರ ಸಹಿಗಳು)

ಪ್ರತಿಗಳು:
1. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಮೈಸೂರು
2. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಮೈಸೂರು
3. ಸಹಾಯಕ ನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಮೈಸೂರು
4. ಸಂಬಂಧಪಟ್ಟ ತಾಲ್ಲೂಕುಗಳ ತಹಶೀಲ್ದಾರರು