ಕಟ್-ಪೇಸ್ಟ್ ಶೂರರಿಗೊಂದು ದೊಡ್ಡ ನಮಸ್ಕಾರ

ನಮ್ಮ ಐಟಿ ಜನಕ್ಕೆ ಒಂದು ಭ್ರಮೆ ಇದೆ, ಫೈಲ್ ಕಾಪಿ ಮಾಡೋದು ಕೆಲಸವೇ ಅಲ್ಲ ಅಂತ. ಕೋಡ್ ಬರೆಯೋದು ಕೆಲಸ, ಡಿಸೈನ್ ಮಾಡೋದು ಕೆಲಸ, ಮೀಟಿಂಗಿನಲ್ಲಿ ತೂಕಡಿಸೋದೂ ಕೆಲಸವೇ :) ಆದರೆ ಸರ್ವರಿನ ಹಳೇ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ ನಾಲ್ಕು ಟೆರಾಬೈಟ್ ಸಾಗಿಸೋದು ಮಾತ್ರ "ಹಂಗೇ ಹೋಗ್ತಾ ಮಾಡಿಬಿಡಪ್ಪ" ಅನ್ನೋ ಬಾಬತ್ತು. ಶುಕ್ರವಾರ ಸಂಜೆ ಹೊಸದಾಗಿ ಸೇರಿದ ಹುಡುಗನ ಕೈಗೆ ಒಪ್ಪಿಸಿ ಎಲ್ಲರೂ ಮನೆಗೆ..

ನಾನು ಹೇಳೋದು ಇಷ್ಟೇ. ಕಾಪಿ ಮಾಡಿದ್ದನ್ನು ಮತ್ತೆ ಓದಿ, ಮೂಲದ ಜೊತೆ ತಾಳೆ ನೋಡುವವರೆಗೆ ಅದು ಕಾಪಿಯೇ ಅಲ್ಲ. ತಾಳೆ ನೋಡದೆ ಮೂಲ ಅಳಿಸುವವನು ಬೇರೆಯವರ ಸ್ವತ್ತನ್ನು ಪಣಕ್ಕಿಟ್ಟು ಜೂಜಾಡುತ್ತಿದ್ದಾನೆ. ಮಾತು ಖಾರವಾಯಿತೇ? ಆಗಲಿ ಬಿಡಿ, ನಾನು ಬಳ್ಳಾರಿ ಜಿಲ್ಲೆಯವನು.

ಮೊದಲು ಈ "ಮೂವ್" ಅನ್ನೋದರ ಬಣ್ಣ ಬಯಲು ಮಾಡೋಣ. ಒಂದೇ ಡಿಸ್ಕಿನೊಳಗೆ, ಒಂದೇ ಪಾರ್ಟಿಶನ್ನಿನಲ್ಲಿ ಫೈಲ್ ಸರಿಸಿದರೆ ಬದಲಾಗೋದು ಹೆಸರು, ವಿಳಾಸ ಮಾತ್ರ. ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಅಂದಾಗ ಆ ಆಟ ನಡೆಯೋಲ್ಲ. ಲಿನಕ್ಸಿನ ಎಂವಿ ಆಗಲಿ, ವಿಂಡೋಸಿನ ಕಟ್-ಪೇಸ್ಟ್ ಆಗಲಿ, ಮೊದಲು ಕಾಪಿ ಮಾಡುತ್ತೆ, ಆಮೇಲೆ ಮೂಲವನ್ನು ಅಳಿಸುತ್ತೆ. ನಡುವೆ ಹೊಸ ಪ್ರತಿಯನ್ನು ಡಿಸ್ಕಿನಿಂದ ಒಮ್ಮೆ ಓದಿ ನೋಡುವ ಹಂತವೇ ಇಲ್ಲ.

ಇನ್ನೊಂದು ಗುಟ್ಟು. ಪರದೆಯ ಮೇಲೆ ನೂರು ಪರ್ಸೆಂಟ್ ಅಂತ ಬಂದಾಗ ನಿಮ್ಮ ಫೈಲ್ ಡಿಸ್ಕ್ ಸೇರಿರಲೇಬೇಕು ಅಂತೇನಿಲ್ಲ. ಆಪರೇಟಿಂಗ್ ಸಿಸ್ಟಂ ಬರೆಯಬೇಕಾದ್ದನ್ನು ಮೊದಲು ರ‍್ಯಾಮಿನಲ್ಲಿ ಇಟ್ಟುಕೊಂಡು, ಪುರುಸೊತ್ತಾದಾಗ ಡಿಸ್ಕಿಗೆ ಇಳಿಸುತ್ತೆ. ಅಷ್ಟರಲ್ಲಿ ಕರೆಂಟ್ ಹೋದರೆ? ಫೈಲಿನ ಹೆಸರು ಇರುತ್ತೆ, ಸೈಜೂ ಸರಿಯಾಗೇ ಇರಬಹುದು, ಒಳಗೆ ಬರೀ ಸೊನ್ನೆ.

ಕರೆಂಟ್ ಅಂದ ಕೂಡಲೇ ನಮ್ಮ ಸಿರುಗುಪ್ಪ ನೆನಪಾಯ್ತು. ನಮ್ಮೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ (ಹೆಸರು ಬೇಡ ಬಿಡಿ) ಹಳೇ ಕಂಪ್ಯೂಟರ್ ಒಂದಿತ್ತು. ಎಲ್ಲರ ಮದುವೆ, ಸೀಮಂತ, ಗೃಹಪ್ರವೇಶದ ಫೋಟೋಗಳೂ ಅದರಲ್ಲೇ. ಅದನ್ನವರು ಹೆಮ್ಮೆಯಿಂದ "ಸರ್ವರ್" ಅಂತ ಕರೀತಿದ್ರು. ಡಿಸ್ಕ್ ತುಂಬಿತು ಅಂತ ಹೊಸದು ತಂದು ಎಲ್ಲವನ್ನೂ ಕಟ್-ಪೇಸ್ಟ್ ಮಾಡಿದ್ರು. ಹಳೇ ಡಿಸ್ಕನ್ನು ಅವತ್ತೇ ಫಾರ್ಮ್ಯಾಟ್ ಮಾಡಿ ಬೇರೆ ಕಡೆ ಹಾಕಿಬಿಟ್ರು. ನಮ್ಮ ಅಕ್ಕನ ಮದುವೆ ಫೋಟೋ ಕೇಳೋಕೆ ಹೋದಾಗ ತೆರೆದು ನೋಡಿದ್ರೆ ಕೆಲವು ಅರ್ಧ ಬೂದು, ಕೆಲವು ತೆರೆಯೋದೇ ಇಲ್ಲ. ನಡುವೆ ಒಮ್ಮೆ ಕರೆಂಟ್ ಹೋಗಿತ್ತಂತೆ. "ತಮ್ಮಾ, ನೂರಕ್ಕ ನೂರು ತೋರಿಸ್ತಪ್ಪ, ನಾನೇನ್ ಮಾಡ್ಲಿ?" ಅಂದ್ರು. ಧಾರೆಯ ಹೊತ್ತಿನಲ್ಲಿ ನಮ್ಮಜ್ಜಿ ಅಕ್ಕನ ಪಕ್ಕ ನಿಂತಿದ್ದ ಫೋಟೋ ಒಂದಿತ್ತು. ಅಜ್ಜಿ ಈಗಿಲ್ಲ. ಫೋಟೋನೂ ಇಲ್ಲ.

"ಊರ ಸ್ಟುಡಿಯೋದವರಿಗೆ ಏನ್ ಗೊತ್ತಾಗುತ್ತೆ ಬಿಡ್ರಿ" ಅಂತೀರಾ? ಹಾಗಾದ್ರೆ ದೊಡ್ಡವರ ಕಥೆ ಕೇಳಿ. 2019ರ ಮಾರ್ಚಿನಲ್ಲಿ ಮೈಸ್ಪೇಸ್ ಒಂದು ಸಾಲಿನ ಪ್ರಕಟಣೆ ಕೊಟ್ಟಿತು. ಸರ್ವರ್ ಬದಲಾಯಿಸುವಾಗ ಹಳೆಯ ಹಾಡು, ಫೋಟೋ, ವಿಡಿಯೋಗಳು ಹೋಗಿರಬಹುದು, ಕ್ಷಮಿಸಿ ಅಂತ. 2003ರಿಂದ 2015ರವರೆಗಿನ ಐದು ಕೋಟಿಗೂ ಹೆಚ್ಚು ಹಾಡು ಅಂತ ಆಗ ವರದಿಯಾಗಿತ್ತು. ಆಮೇಲೆ ಸುಮಾರು 4.9 ಲಕ್ಷ ಹಾಡು ಮರಳಿ ಸಿಕ್ಕವು. ಅವು ಸಿಕ್ಕಿದ್ದು ಕಂಪನಿಯ ಪುಣ್ಯದಿಂದಲ್ಲ. 2008-2010ರ ಸುಮಾರಿಗೆ ಯಾರೋ ಸಂಶೋಧಕರು ತಮ್ಮ ಅಧ್ಯಯನಕ್ಕೆ ಅಂತ ಒಂದಷ್ಟು ಕಾಪಿ ಇಟ್ಟುಕೊಂಡಿದ್ದರು, ಅದರಿಂದ.

ಗಿಟ್‌ಲ್ಯಾಬಿನದು ಇನ್ನೊಂದು ಕಥೆ. 2017ರ ಜನವರಿ 31ರ ರಾತ್ರಿ ದಣಿದಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡಿಲೀಟ್ ಕೊಟ್ಟರು. ಸುಮಾರು 300 ಜಿಬಿ ಡೇಟಾಬೇಸಿನಲ್ಲಿ ಉಳಿದಿದ್ದು ನಾಲ್ಕೂವರೆ ಜಿಬಿ. ಬ್ಯಾಕಪ್ಪಿಗೆ ಐದು ವ್ಯವಸ್ಥೆಗಳಿದ್ದವು, ಬೇಕಾದ ಹೊತ್ತಿಗೆ ಒಂದೂ ನೆಟ್ಟಗೆ ಕೈಹಿಡಿಯಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಇತ್ತು. ಅವರು ಇದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿ ಬರೆದುಕೊಂಡರು, ಅದಕ್ಕೆ ಶಭಾಷ್. ಆದರೆ ಪಾಠ ಒಂದೇ: ತೆರೆದು ನೋಡದ ಪ್ರತಿ ಇದ್ದೂ ಇಲ್ಲದ ಹಾಗೆ.

ಇಲ್ಲಿ ಯಾರಾದರೂ ಒಬ್ಬರು ಎದ್ದು "ನಮ್ಮಲ್ಲಿ ರೇಡ್ ಇದೆ" ಅಂತಾರೆ. ಇರಲಿ ಸ್ವಾಮಿ, ಸಂತೋಷ. ರೇಡ್ ಇರೋದು ಒಂದು ಡಿಸ್ಕ್ ಸತ್ತರೆ ಸರ್ವರ್ ನಿಲ್ಲದಿರಲಿ ಅಂತ. ನೀವು ಫೈಲ್ ಅಳಿಸಿದರೆ ಅದು ಎಲ್ಲ ಡಿಸ್ಕಿನಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತೆ. ಪ್ರತಿ ಅಂದ್ರೆ ಬೇರೆ ಜಾಗದಲ್ಲಿ ಇರಬೇಕು. ಈ ಬುದ್ಧಿ ಅಶೋಕನಿಗೇ ಇತ್ತು! ನಮ್ಮ ಸಿರುಗುಪ್ಪ ತಾಲೂಕಿನ ನಿಟ್ಟೂರಿನಲ್ಲಿ ಒಂದು, ಉಡೇಗೋಳದಲ್ಲಿ ಒಂದು, ಅತ್ತ ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಯಲ್ಲಿ ಮತ್ತಷ್ಟು ಕಡೆ ಅವನ ಕಿರುಶಾಸನ ಕೆತ್ತಿಸಿದ್ದಾನೆ. ಬಹುಪಾಲು ಕಡೆ ಅವನ ಹೆಸರೇ ಇಲ್ಲ, ದೇವಾನಾಂಪ್ರಿಯ ಅನ್ನೋ ಬಿರುದು ಮಾತ್ರ. ಅಶೋಕ ಅಂತ ಹೆಸರಿರೋ ಬೆರಳೆಣಿಕೆಯ ಪ್ರತಿಗಳಲ್ಲಿ ನಮ್ಮ ತಾಲೂಕಿನ ಇವೆರಡೂ ಸೇರಿವೆ. ಹಲವು ಪ್ರತಿಗಳಿದ್ದವು, ತಾಳೆ ನೋಡುವವರೂ ಇದ್ದರು. ಅದಕ್ಕೇ ದೇವಾನಾಂಪ್ರಿಯ ಯಾರು ಅನ್ನೋದು ಖಚಿತವಾಯಿತು.

ಇನ್ನು ಮ್ಯಾನೇಜರ್ ಮಹಾಶಯರ ವಾದ: "ಟೈಮ್ ಇಲ್ಲ". ಲೆಕ್ಕ ಹಾಕೋಣ ಬನ್ನಿ. ಸೆಕೆಂಡಿಗೆ 150 ಎಂಬಿ ಓಡುವ ಡಿಸ್ಕಿನಲ್ಲಿ 4 ಟೆರಾಬೈಟ್ ಕಾಪಿಯಾಗೋಕೆ ಸುಮಾರು ಏಳೂವರೆ ಗಂಟೆ. ಎರಡೂ ಡಿಸ್ಕನ್ನು ಮತ್ತೆ ಪೂರ್ತಿ ಓದಿ ಹೋಲಿಸೋಕೆ ಇನ್ನೊಂದು ಏಳೂವರೆ. ಸಣ್ಣ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ಹೆಚ್ಚು. ಅಂದ್ರೆ ಹದಿನೈದು ಗಂಟೆಗೆ ಕಡಿಮೆ ಇಲ್ಲದ ಕೆಲಸಕ್ಕೆ ನೀವು ಕೊಡೋದು ಒಂದು ರಾತ್ರಿ. ಹುಡುಗ ಏನು ಮಾಡ್ತಾನೆ? ತಾಳೆ ನೋಡೋದನ್ನೇ ಬಿಡ್ತಾನೆ. ಆಮೇಲೆ ಡೇಟಾ ಹೋದರೆ ಬೈಸಿಕೊಳ್ಳೋನೂ ಅವನೇ. ಇದು ಯಾವ ನ್ಯಾಯ?

ಕನ್ನಡದಲ್ಲಿ ಬರೆಯುವ ನಮಗಂತೂ ಗಂಡಾಂತರ ಒಂದು ಕೈ ಹೆಚ್ಚು. ಸಿರುಗುಪ್ಪ ಅನ್ನೋದು ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಒಂಬತ್ತು, ಯುಟಿಎಫ್-8ರಲ್ಲಿ ಡಿಸ್ಕಿಗೆ ಹೋದಾಗ 27 ಬೈಟು. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಫೈಲಿನ ಹೆಸರು 255 ಯೂನಿಕೋಡ್ ಚಿಹ್ನೆಗಳವರೆಗೆ ಇರಬಹುದು. ಲಿನಕ್ಸ್ ಸರ್ವರಿನ ಎಕ್ಸ್ಟ್-4ರಲ್ಲಿ ಮಿತಿ 255 ಬೈಟು, ಅಂದ್ರೆ ಕನ್ನಡದ 85 ಚಿಹ್ನೆ ಅಷ್ಟೇ. ಲೇಖನದ ಶೀರ್ಷಿಕೆಯನ್ನೇ ಫೈಲಿಗೆ ಹೆಸರಿಡುವ ನಮ್ಮಂಥವರ ಫೈಲು ಅಲ್ಲಿ ಕಾಪಿಯೇ ಆಗದೆ ಉಳಿಯುತ್ತೆ. ತಪ್ಪಿನ ಸಂದೇಶ ಸಾವಿರ ಸಾಲಿನ ನಡುವೆ ಸರಸರ ಓಡಿಹೋಗುತ್ತೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಇನ್ನೊಂದು ಥರ. ಓತ್ವವನ್ನು ಮೂರು ತುಂಡು ಮಾಡಿ ಇಡುತ್ತೆ. ನೋಡೋಕೆ ಒಂದೇ ಹೆಸರು, ಲಿನಕ್ಸಿಗೆ ಎರಡು ಬೇರೆ ಫೈಲು!

ಹಾಗಂತ ಕಾಪಿ ಮಾಡೋದೇ ಬೇಡ ಅಂತಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯಾ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಂಚೂಣಿಯಲ್ಲಿತ್ತು. ಎಷ್ಟೊಂದು ಹಳೆಯ ಕನ್ನಡ ಪುಸ್ತಕಗಳು ಅದರಲ್ಲಿದ್ದವು. ಆ ತಾಣ ಮುಚ್ಚಿಹೋಯಿತು. ಇವತ್ತು ಆ ಪುಸ್ತಕಗಳನ್ನು ಓದೋಕೆ ಆಗ್ತಿರೋದು ಕಾರ್ಲ್ ಮಲಮೂದ್ ಅವುಗಳ ಪ್ರತಿ ಮಾಡಿ 2017ರಲ್ಲಿ ಇಂಟರ್ನೆಟ್ ಆರ್ಕೈವಿನಲ್ಲಿ ಇಟ್ಟಿದ್ದರಿಂದ, ಎಲ್ಲ ಭಾಷೆ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕ. ಮೂಲದಲ್ಲಿ ಸ್ಕ್ಯಾನ್ ಇದ್ದದ್ದು ಪುಟಕ್ಕೊಂದು ಫೈಲಿನಂತೆ. 300 ಪುಟದ ಪುಸ್ತಕ ಸಾಗಿಸುವಾಗ 217ನೇ ಫೈಲು ಬಿಟ್ಟುಹೋಯಿತು ಅನ್ನಿ. ಫೋಲ್ಡರ್ ನೋಡಿದ್ರೆ ತುಂಬಿಯೇ ಇರುತ್ತೆ. ಗೊತ್ತಾಗೋದು ಯಾವತ್ತೋ ಒಬ್ಬ ಓದುಗ ಆ ಪುಟಕ್ಕೆ ಬಂದಾಗ. ಅಷ್ಟೊತ್ತಿಗೆ ಹಳೇ ಡಿಸ್ಕ್ ಗುಜರಿಯಲ್ಲಿ.

ಹಾಗಾದ್ರೆ ಏನು ಮಾಡಬೇಕು? ಬ್ರಹ್ಮವಿದ್ಯೆ ಏನಲ್ಲ. ಎರಡೂ ಡಿಸ್ಕ್ ನಿಜವಾಗಿ ಮೌಂಟ್ ಆಗಿವೆಯಾ ನೋಡಿ. ಹಳೇ ಡಿಸ್ಕನ್ನು ಓದೋಕೆ ಮಾತ್ರ ಅಂತ ಮೌಂಟ್ ಮಾಡಿ, ಆಗ ಅಳಿಸಬೇಕೆಂದರೂ ಅಳಿಸೋಕಾಗಲ್ಲ. ಆರ್‌ಸಿಂಕ್‌ನಿಂದ ಕಾಪಿ ಮಾಡಿ, ಡಿಲೀಟ್ ಆಯ್ಕೆ ಮುಟ್ಟಲೇಬೇಡಿ. ಮೌಂಟ್ ಆಗದ ಖಾಲಿ ಫೋಲ್ಡರನ್ನೇ ಮೂಲ ಅಂದುಕೊಂಡು ಅದು ಗುರಿಯನ್ನೂ ಖಾಲಿ ಮಾಡಿಬಿಡುತ್ತೆ. ಕಾಪಿ ಮುಗಿದ ಮೇಲೆ ಹೊಸ ಡಿಸ್ಕನ್ನು ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಇಲ್ಲದಿದ್ರೆ ನೀವು ಓದೋದು ರ‍್ಯಾಮಿನಲ್ಲಿ ಉಳಿದ ಪ್ರತಿಯನ್ನೇ ಇರಬಹುದು. ಆಮೇಲೆ ಚೆಕ್‌ಸಮ್ ಆಯ್ಕೆ ಕೊಟ್ಟು ಆರ್‌ಸಿಂಕ್‌ಅನ್ನು ಇನ್ನೊಮ್ಮೆ ಓಡಿಸಿ. ಸುಮ್ಮನೆ ಓಡಿಸಿದ್ರೆ ಅದು ಸೈಜು, ತಾರೀಖು ನೋಡಿ ಸರಿ ಅಂದುಬಿಡುತ್ತೆ. ಎರಡೂ ಕಡೆ ಫೈಲುಗಳನ್ನು ಎಣಿಸಿ. ಶಾ-256 ಪಟ್ಟಿ ಮಾಡಿ ಜೊತೆಗಿಡಿ, ಐದು ವರ್ಷದ ನಂತರವೂ ಬೇಕಾಗುತ್ತೆ. ಕೊನೆಗೆ, ಹಳೇ ಡಿಸ್ಕನ್ನು ತಿಂಗಳಾದರೂ ಕಪಾಟಿನಲ್ಲಿಡಿ. ಅಳಿಸುವ ಆಸೆ ತಡೆದುಕೊಳ್ಳಿ.

ಹೊಸ ಡಿಸ್ಕ್ ಅಂಗಡಿಯಲ್ಲಿ ಸಿಗುತ್ತೆ. ಅದರಲ್ಲಿದ್ದದ್ದು ಸಿಗಲ್ಲ. ಹುಡುಗನ ಕೈಗೆ ಸರ್ವರ್ ಕೊಡುವ ಮ್ಯಾನೇಜರುಗಳೇ, ಜೊತೆಗೆ ಎರಡು ದಿನ ಸಮಯವನ್ನೂ ಕೊಡಿ. ಬ್ಲಾಗಿಗೆ ಅಂತ ಹತ್ತು ವರ್ಷದ ಫೋಟೋ, ಬರಹ, ಸಂದರ್ಶನದ ಧ್ವನಿಮುದ್ರಣ ಗುಡ್ಡೆ ಹಾಕಿಕೊಂಡಿರುವ ಗೆಳೆಯರೇ, ಈ ಭಾನುವಾರ ನಿಮ್ಮ ಬ್ಯಾಕಪ್ ಡಿಸ್ಕ್ ಹೊರಗೆ ತೆಗೆದು ಹತ್ತು ಫೈಲು ತೆರೆದು ನೋಡಿ. ಎಷ್ಟು ತೆರೆದವು ಅಂತ ಕೆಳಗೆ ಬರೆಯಿರಿ.