ಮೊದಲ ದಿನವೇ ಬಾಗಿಲು ತೆರೆದಿರಲಿ

ಬೈಲೂರಿನ ಗುಡ್ಡಗಳ ಮೇಲೆ ಬೀಳುವ ಮಳೆ ಮಾರ್ಕಂಡೇಯ ನದಿಯಾಗಿ ಹರಿದು, ಗೋಕಾಕ ಸೀಮೆಯಲ್ಲಿ ಘಟಪ್ರಭೆಯನ್ನು ಸೇರಿ, ಮುಧೋಳದ ಹೊಲಗಳನ್ನು ಹಾದು, ಚಿಕ್ಕಸಂಗಮದ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ನದೀತೀರದ ಊರುಗಳಿಗೆ ನೀರು ನುಗ್ಗಿತು. ಅಣೆಕಟ್ಟೆಯ ಬಾಗಿಲುಗಳನ್ನು ಯಾವಾಗ ತೆರೆದರು, ಎಷ್ಟು ತೆರೆದರು ಎಂಬುದು ಬೇರೆಯೇ ಚರ್ಚೆ. ಆದರೆ ಘಟ್ಟದ ಮೇಲೆ ಆ ದಿನಗಳಲ್ಲಿ ಸುರಿದ ಮಳೆಯ ಲೆಕ್ಕ ನಮ್ಮ ಕೆಲವು ಮನೆಗಳ ನೋಟುಪುಸ್ತಕಗಳಲ್ಲಿ ಇತ್ತು; ಅದು ಕೆಳಗಿನವರಿಗೆ ತಲುಪುವ ದಾರಿ ಮಾತ್ರ ಇರಲಿಲ್ಲ.

ಈ ದಾರಿಯನ್ನು ಮಾಡಬೇಕೆಂದು ನಮ್ಮ ಬಳಗದ ತರುಣರು ಹೊರಟಿದ್ದಾರೆ. ಘಟ್ಟದ ಊರುಗಳ ಮಳೆ ಲೆಕ್ಕವನ್ನು ಮೊಬೈಲಿನಲ್ಲಿ ದಾಖಲಿಸಿ, ಜಮಖಂಡಿ-ಮುಧೋಳದ ವಿದ್ಯಾರ್ಥಿಗಳೂ ರೈತರೂ ನೋಡುವಂತೆ ಮಾಡುವ ಮುಕ್ತ ತಂತ್ರಾಂಶವೊಂದನ್ನು ರಚಿಸುವುದು ಅವರ ಉದ್ದೇಶ. ಇದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. "ಮೊದಲು ಬರೆದು ಮುಗಿಸೋಣ, ಆಮೇಲೆ ಎಲ್ಲರ ಮುಂದೆ ಇಡೋಣ" ಎಂಬ ಅವರ ಮಾತಿಗೆ ಮಾತ್ರ ಇಲ್ಲ.

ಈ ಅಸಮ್ಮತಿಗೆ ಕಾರಣವಿದೆ. ಹಿಂದೊಮ್ಮೆ ಊರಿನ ಒರತೆಗಳ ಪಟ್ಟಿಗೆಂದು ಇಂಥದೇ ತಂತ್ರಾಂಶವೊಂದನ್ನು ನಮ್ಮ ಹುಡುಗನೊಬ್ಬ ಬರೆದಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಉದ್ಯೋಗ ಸಿಕ್ಕಿ ಪರಊರಿಗೆ ಹೋದ. ಅವನ ಹಳೆಯ ಲ್ಯಾಪ್‌ಟಾಪ್ ಕೆಟ್ಟಿತು. ಪಾಸ್‌ವರ್ಡ್ ಅವನಿಗೇ ಮರೆತುಹೋಯಿತು. ಎರಡು ಬೇಸಿಗೆಗಳ ಶ್ರಮ ಅಲ್ಲಿಗೆ ಮುಗಿಯಿತು. ತಪ್ಪು ಅವನದಲ್ಲ. ಎಲ್ಲರಿಗೂ ಸೇರಿದ್ದನ್ನು ಒಬ್ಬನ ಚೀಲದಲ್ಲಿ ಇಟ್ಟ ನಮ್ಮದು.

ಕೋಡ್ ಭಂಡಾರ, ಅಂದರೆ ರೆಪಾಸಿಟರಿ, ಎಂಬುದು ಇದಕ್ಕೆ ಈಗಾಗಲೇ ಕಂಡುಕೊಂಡಿರುವ ಉತ್ತರ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ತಿದ್ದುಪಡಿಯೂ ಯಾರು, ಯಾವಾಗ, ಏಕೆ ಮಾಡಿದರೆಂಬ ಟಿಪ್ಪಣಿಯೊಡನೆ ಉಳಿಯುತ್ತದೆ. ಇನ್ನೂ ಮುಖ್ಯವಾದುದೆಂದರೆ, ಭಂಡಾರವನ್ನು ನಕಲು ಮಾಡಿಕೊಂಡ ಪ್ರತಿಯೊಬ್ಬರ ಗಣಕದಲ್ಲೂ ಇಂದಿನ ಪ್ರತಿಯಷ್ಟೇ ಅಲ್ಲ, ಮೊದಲ ದಿನದಿಂದಿನ ಇಡೀ ಚರಿತ್ರೆ ಇರುತ್ತದೆ. ಬೀಜವನ್ನು ಹತ್ತು ಮನೆಗಳಲ್ಲಿ ಕಾಪಿಡುವ ಪದ್ಧತಿ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಭಂಡಾರವನ್ನು ಗಿಟ್‌ಹಬ್‌ನಲ್ಲಿ ಇಡಬೇಕೇ ಬೇರೆಡೆ ಇಡಬೇಕೇ ಎಂದು ತರುಣರು ಗಂಟೆಗಟ್ಟಲೆ ವಾದಿಸುತ್ತಾರೆ. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್ ಕಂಪನಿಯ ಸ್ವತ್ತು, ನಿಜ. ಗೂಗಲ್ ಕಂಪನಿಯೂ ತನ್ನ ಕೋಡ್ ಭಂಡಾರ ಸೇವೆಯನ್ನು 2016ರಲ್ಲಿ ಮುಚ್ಚಿತು. ಅಂಗಡಿ ಮುಚ್ಚಿದರೂ ಸರಕು ನಮ್ಮ ಮನೆಗಳಲ್ಲಿ ಇರುತ್ತದೆ, ನಕಲು ಮಾಡಿಟ್ಟುಕೊಂಡಿದ್ದರೆ. ಅಲ್ಲಿ ನಡೆಸಿದ ಚರ್ಚೆಗಳು ಮಾತ್ರ ಗಿಟ್ ನಕಲಿನೊಡನೆ ಬರುವುದಿಲ್ಲ. ಮುಖ್ಯ ತೀರ್ಮಾನಗಳನ್ನು ಭಂಡಾರದೊಳಗೇ ಒಂದು ಕಡತವಾಗಿ ಬರೆದಿಡಬೇಕು.

ಇಲ್ಲಿ ಜಮಖಂಡಿಯವರಿಂದಲೇ ಕಲಿಯುವುದಿದೆ. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮದೇ ಹಣ, ತಮ್ಮದೇ ದುಡಿಮೆಯಿಂದ ಬ್ಯಾರೇಜು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರು 1991ರಲ್ಲಿ ಲೋಕಸಭೆಗೆ ಆಯ್ಕೆಯಾದರು. 2018ರ ಮೇ ತಿಂಗಳಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜು ನಿಂತಿದೆ. ಅಂಥ ನಾಯಕನಿದ್ದರೂ ಕೆಲಸ ಕೃಷ್ಣಾ ತೀರದ ರೈತರ ಸಂಘದ್ದಾಗಿತ್ತು, ಒಬ್ಬರ ಹಿತ್ತಿಲಿನದಾಗಿರಲಿಲ್ಲ. (ಆ ಸೀಮೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲಗಳು ಸವುಳು-ಜವುಳಾದ ಕಥೆಯನ್ನು ನಾನು ಮರೆತಿಲ್ಲ. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯಬೇಕು.) ನಮ್ಮ ಭಂಡಾರವೂ ಬಳಗದ ಹೆಸರಿನಲ್ಲಿಯೇ ತೆರೆಯಲಿ. ಅದರ ಒಡೆತನದ ಹಕ್ಕು ಕನಿಷ್ಠ ಮೂವರ ಕೈಯಲ್ಲಿರಲಿ. ಅವರಲ್ಲಿ ಒಬ್ಬರು ಕೃಷ್ಣಾ ತೀರದವರಾಗಿರಲಿ. ನೆರೆ ಬರುವುದು ಅವರ ಮನೆಗೆ.

ಪರವಾನಗಿಯ ವಿಷಯವನ್ನು ತರುಣರು ಕೊನೆಯ ದಿನದ ಕೆಲಸವೆಂದು ಭಾವಿಸಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆ ಈಗಿರುವ ರೂಪದಲ್ಲಿ ಗಣಕದ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಪರವಾನಗಿಯ ಕಡತವಿಲ್ಲದ ಕೋಡನ್ನು ಯಾರಾದರೂ ಓದಬಹುದೇ ಹೊರತು, ತಿದ್ದಿ ಹಂಚುವ ಹಕ್ಕು ಅವರಿಗೆ ಇರುವುದಿಲ್ಲ. ಹತ್ತು ಮಂದಿ ಕೈಹಚ್ಚಿದ ಮೇಲೆ ಷರತ್ತು ಬದಲಿಸಬೇಕೆಂದರೆ ಹತ್ತೂ ಮಂದಿಯನ್ನು ಹುಡುಕಿ ಒಪ್ಪಿಗೆ ಪಡೆಯಬೇಕಾದೀತು. ಆದುದರಿಂದ ಮೊದಲೇ ಜಿಪಿಎಲ್ ಪರವಾನಗಿಯನ್ನು ಹಾಕುವುದು ಲೇಸು. ನಮ್ಮ ಕೋಡನ್ನು ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಆಕರವನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂದು ಅದು ವಿಧಿಸುತ್ತದೆ. ಅದರ ಮೊದಲ ಆವೃತ್ತಿ ಬಂದದ್ದೂ 1989ರಲ್ಲಿಯೇ.

ಹಿರಿಯರದು ಬೇರೊಂದು ಆತಂಕ. "ಎಲ್ಲವನ್ನೂ ತೆರೆದಿಟ್ಟರೆ ನಮ್ಮ ಕಾಡಿನ ಗುಟ್ಟು ಕಂಪನಿಯವರ ಪಾಲಾಗುವುದಿಲ್ಲವೇ?" ಎಂದು ಸಭೆಯಲ್ಲಿ ಕೇಳಿದರು. ತರುಣರು ನಕ್ಕರು, ನಗಬಾರದಿತ್ತು. ಕೋಡು ಬೇರೆ, ಮಾಹಿತಿ ಬೇರೆ. ಕೋಡನ್ನೂ ಮಳೆಯ ಅಂಕಿಗಳನ್ನೂ ತೆರೆದಿಡೋಣ. ಔಷಧಿ ಸಸ್ಯಗಳಿರುವ ಜಾಗ, ದೇವರ ಕಾಡಿನೊಳಗಿನ ಒರತೆ, ಮಳೆ ಅಳೆಯುವವರ ದೂರವಾಣಿ ಸಂಖ್ಯೆ ಇವು ಭಂಡಾರದೊಳಗೆ ಒಂದು ಕ್ಷಣವೂ ಹೋಗಬಾರದು. ನಾಳೆ ಅಳಿಸಿದರಾಯಿತು ಎನ್ನುವಂತಿಲ್ಲ. ಗಿಟ್ ಮರೆಯುವುದಿಲ್ಲವೆಂಬುದೇ ಅದರ ಗುಣ, ಅದೇ ಅಪಾಯ: ಇಂದು ಅಳಿಸಿದ ಕಡತ ನಿನ್ನೆಯ ಚರಿತ್ರೆಯಲ್ಲಿ ಹಾಗೆಯೇ ಇರುತ್ತದೆ, ಅಷ್ಟರಲ್ಲಿ ಯಾರೋ ನಕಲು ಮಾಡಿಕೊಂಡಿರುತ್ತಾರೆ. ಯಾವ ಕಡತಗಳು ಒಳಗೆ ಬರಕೂಡದೆಂಬ ಪಟ್ಟಿಯನ್ನು ಭಂಡಾರ ತೆರೆದ ದಿನವೇ ಬರೆದಿಡಲು ಗಿಟ್‌ನಲ್ಲಿ ಅವಕಾಶವಿದೆ. ಆ ಪಟ್ಟಿಯನ್ನು ಹಿರಿಯರೇ ಹೇಳಲಿ, ಹುಡುಗರು ಬರೆದುಕೊಳ್ಳಲಿ.

ಭಂಡಾರದ ಬಾಗಿಲಲ್ಲೇ ಇರಬೇಕಾದ ರೀಡ್‌ಮಿ ಎಂಬ ವಿವರಣೆ ಕನ್ನಡದಲ್ಲಿರಲಿ, ಯೂನಿಕೋಡ್‌ನಲ್ಲಿರಲಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಾಡು, ಹಕ್ಕಿಗಳೊಡನೆ ಕನ್ನಡ ತಂತ್ರಾಂಶದ ಚಿಂತೆಯನ್ನೂ ಹಚ್ಚಿಕೊಂಡಿದ್ದರೆಂಬುದನ್ನು ಮಲೆನಾಡಿನ ಓದುಗರಿಗೆ ನೆನಪಿಸಬೇಕಿಲ್ಲ. ಇಂಗ್ಲಿಷ್ ಬಾರದ ರೈತನಿಗೆ ಕೋಡು ಅರ್ಥವಾಗದಿರಬಹುದು; ಆದರೆ ಮಳೆಮಾಪಕವನ್ನು ಎಲ್ಲಿಡಬೇಕು, ಯಾವ ಹೊತ್ತಿಗೆ ಅಳೆಯಬೇಕು ಎಂಬಲ್ಲಿ ತಪ್ಪಿದ್ದರೆ ಮೊದಲು ಹಿಡಿಯುವವನು ಅವನೇ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಒಬ್ಬರು ಹಾಲು ಕರೆದ ಮೇಲೆ, ಇನ್ನೊಬ್ಬರು ಮಧ್ಯಾಹ್ನ ಅಳೆದರೆ ಆ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಂತಿಲ್ಲ, ತಂತ್ರಾಂಶ ಎಷ್ಟೇ ಚೆನ್ನಾಗಿರಲಿ.

ಹೀಗಾಗಿ ಭಂಡಾರದ ಮೊದಲ ಕಮಿಟ್‌ನಲ್ಲಿ ಕೋಡಿನ ಒಂದು ಸಾಲೂ ಬೇಕಿಲ್ಲ. ಮಳೆ ಅಳೆಯುವ ಕ್ರಮ, ಪರವಾನಗಿ, ಒಳಬರಕೂಡದವುಗಳ ಪಟ್ಟಿ, ಮೂವರ ಹೆಸರು ಇಷ್ಟಿದ್ದರೆ ಸಾಕು. ಮುಂಗಾರಿಗೆ ಮುನ್ನ ನಡೆಯುವ ಸಭೆಯಲ್ಲಿಯೇ ಇದನ್ನು ಮಾಡಬಹುದು. ಹಳೆಯ ಮಳೆ ನೋಟುಪುಸ್ತಕಗಳಿರುವವರು ದಯವಿಟ್ಟು ತರಬೇಕು. 2019ರ ಆಗಸ್ಟ್‌ನ ಪುಟಗಳಿದ್ದರಂತೂ ತಪ್ಪದೆ.